ಒಡಲಿಗೆ ತಕ್ಕ ಧಾರೆ: ವೇಗದ ದೋಣಿಗಳ ಕಥೆ, ಕಾಗಿಣಾ ದಡದಿಂದ



ಜಾತ್ರೆಯ ಆಟಿಕೆ ಅಂಗಡಿಯಲ್ಲಿ ಮಾರುವ ತಗಡಿನ 'ಪಟ್ ಪಟ್' ದೋಣಿಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದರ ಹೊಟ್ಟೆಯೊಳಗೆ ಒಂದು ಪುಟ್ಟ ತಗಡಿನ ಡಬ್ಬಿ, ಹಿಂಬದಿಯಲ್ಲಿ ನೀರಿನೊಳಗೆ ಇಳಿದ ಎರಡು ಸಣ್ಣ ಕೊಳವೆ, ಡಬ್ಬಿಯ ಕೆಳಗೆ ಎಣ್ಣೆಯ ಬತ್ತಿ. ಬತ್ತಿ ಹಚ್ಚಿದರೆ ಡಬ್ಬಿಯ ನೀರು ಉಗಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ದಬ್ಬುತ್ತದೆ. ಉಗಿ ತಣ್ಣಗಾದೊಡನೆ ಅದೇ ಕೊಳವೆ ನೀರನ್ನು ಒಳಕ್ಕೆ ಹೀರುತ್ತದೆ. ಹೊರಹೋಗುವ ನೀರು ನೇರ ಧಾರೆಯಾಗಿ ಹಿಂದಕ್ಕೆ ಹೋಗುತ್ತದೆ. ಒಳಬರುವ ನೀರು ಮಾತ್ರ ಸುತ್ತಮುತ್ತ ಎಲ್ಲ ದಿಕ್ಕಿನಿಂದ ಬರುತ್ತದೆ. ಈ ವ್ಯತ್ಯಾಸದಿಂದ ದೋಣಿ ಮುಂದೆ ಸಾಗುತ್ತದೆ. ಥಾಮಸ್ ಪಿಯೋ ಎಂಬಾತ 1891ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ಇದು ಆಟಿಕೆ ನಿಜ. ಆದರೆ ಇಂದು ನೌಕಾಪಡೆಯ ವೇಗದ ನೌಕೆಗಳನ್ನು ಓಡಿಸುವ 'ವಾಟರ್ ಜೆಟ್' ಕೂಡ ಇದೇ ತತ್ವದ ಮೇಲೆ ನಿಂತಿದೆ: ನೀರನ್ನು ಹಿಂದಕ್ಕೆ ಚಿಮ್ಮಿಸು, ನೀನು ಮುಂದಕ್ಕೆ ಹೋಗು. ಹಾಗಾದರೆ ಪಟ್ ಪಟ್ ದೋಣಿ ಏಕೆ ಆಮೆಯಂತೆ ತೆವಳುತ್ತದೆ? ನೌಕೆ ಏಕೆ ಬಾಣದಂತೆ ಹೋಗುತ್ತದೆ? 'ಎಂಜಿನ್ ದೊಡ್ಡದು, ಅದಕ್ಕೆ' ಎಂದು ನೀವು ಹೇಳಬಹುದು. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧ ಉತ್ತರಕ್ಕಾಗಿ ಮನುಷ್ಯ ಸುಮಾರು ಮುನ್ನೂರು ವರ್ಷ ಹುಡುಕಾಡಿದ. ಆ ಹುಡುಕಾಟದ ಕಥೆಯನ್ನು ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ನೀರಿನ ದಡದಲ್ಲಿ ನಿಂತು ನೋಡೋಣ.

ನಮ್ಮ ನದಿ, ನಮ್ಮ ದೋಣಿ

ಈ ಐದೂ ಊರುಗಳ ಸೀಮೆಯನ್ನು ಬೆಸೆಯುವ ನೀರು ಕಾಗಿಣೆಯದು. ತೆಲಂಗಾಣದ ಕಡೆಯಿಂದ ಬರುವ ಕಾಗಿಣಾ ನದಿ ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಗೋಡೆಯ ಪಕ್ಕದಲ್ಲಿ ಹರಿದು, ಚಿತ್ತಾಪುರದ ಸೀಮೆಯನ್ನು ಹಾದು, ಶಹಾಬಾದದ ಬಳಿ ಭೀಮೆಯನ್ನು ಸೇರುತ್ತದೆ. ಚಿಂಚೋಳಿಯ ಮುಲ್ಲಾಮಾರಿಯ ನೀರೂ ಕಾಗಿಣೆಯನ್ನೇ ಸೇರುತ್ತದೆ. ಶಹಾಬಾದದಿಂದ ವಾಡಿ ಜಂಕ್ಷನ್ನಿಗೆ ಹೋಗುವ ರೈಲು ಈ ನದಿಯನ್ನು ದಾಟಿಯೇ ಹೋಗಬೇಕು. ಮಳಖೇಡವೆಂದರೆ 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟ. ಅಷ್ಟು ದೊಡ್ಡ ಸಾಮ್ರಾಜ್ಯದ ರಾಜಧಾನಿಯ ಪಕ್ಕದ ನದಿಯಲ್ಲಿ ದೊಡ್ಡ ಹಡಗು ಓಡಾಡಲು ಅವಕಾಶವೇ ಇರಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

ಕಾರಣ ನದಿಯ ಸ್ವಭಾವದಲ್ಲಿದೆ. ಶಹಾಬಾದ ಕಲ್ಲು ಎಂದು ದೇಶದ ಮನೆಮನೆಯ ನೆಲಕ್ಕೆ ಹೋಗಿರುವ ಹಾಸುಗಲ್ಲು ಈ ಸೀಮೆಯ ಮಣ್ಣಿನಡಿ ಪದರ ಪದರವಾಗಿ ಮಲಗಿದೆ. ಹೊಳೆಯ ತಳದಲ್ಲೂ ಎಷ್ಟೋ ಕಡೆ ಈ ಕಲ್ಲೇ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗೂ ಬಾರದು. ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ದಡ ಮೀರುತ್ತದೆ. ಇಂಥ ನೀರಿಗೆ ದಕ್ಖನ್ನಿನ ಜನ ಕಂಡುಕೊಂಡ ಉತ್ತರ ಹರಿಗೋಲು. ಬಿದಿರಿನ ದುಂಡು ಬುಟ್ಟಿ, ಹೊರಗೆ ಚರ್ಮದ ಹೊದಿಕೆ. ಕೃಷ್ಣಾ, ತುಂಗಭದ್ರಾ, ಭೀಮಾ ನದಿಗಳಲ್ಲಿ ಇದು ತಲೆಮಾರುಗಳ ಕಾಲ ಜನರನ್ನೂ ಕಾಳಿನ ಚೀಲಗಳನ್ನೂ ದಾಟಿಸಿದೆ. 16ನೆಯ ಶತಮಾನದ ಮೊದಲ ದಶಕಗಳಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಹರಿಗೋಲನ್ನು ಕಂಡು ಅಚ್ಚರಿಪಟ್ಟ. ಹದಿನೈದು ಇಪ್ಪತ್ತು ಮಂದಿ ಅದರಲ್ಲಿ ಕೂರಬಹುದು, ಅದು ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತದೆ ಎಂದು ಆತ ಬರೆದಿಟ್ಟಿದ್ದಾನೆ.

ಹರಿಗೋಲು ಸುತ್ತುವುದನ್ನು ಕಂಡು ನಗಬೇಡಿ. ಅದರ ಒಡಲು ಅದರ ನದಿಗೆ ಹೇಳಿ ಮಾಡಿಸಿದಂತಿದೆ. ತಳ ಅಗಲ, ಆದ್ದರಿಂದ ಗೇಣು ನೀರಿನಲ್ಲೂ ತೇಲುತ್ತದೆ. ಮೈ ಮೆತ್ತಗೆ ಬಾಗುತ್ತದೆ, ಆದ್ದರಿಂದ ಬಂಡೆಗೆ ತಗುಲಿದರೆ ಒಡೆಯುವುದಿಲ್ಲ. ಅದಕ್ಕೆ ವೇಗ ಬೇಕಿಲ್ಲ, ಒಂದು ಹುಟ್ಟು ಸಾಕು. ಒಡಲು, ಬಲ, ನೀರು ಈ ಮೂರೂ ಒಂದಕ್ಕೊಂದು ಒಪ್ಪಿದರೆ ಮಾತ್ರ ಅದು ಒಳ್ಳೆಯ ದೋಣಿ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ದೊಡ್ಡ ದೊಡ್ಡ ಎಂಜಿನಿಯರುಗಳು ಎಡವಿದ್ದು ಈ ಒಂದೇ ಮಾತಿನಲ್ಲಿ.

ಧಾರೆಯ ಮೊದಲ ಸೋಲುಗಳು

ಪಂಪಿನಿಂದ ನೀರು ಚಿಮ್ಮಿಸಿ ಹಡಗು ನಡೆಸುವ ಯೋಚನೆ ಹೊಸದಲ್ಲ. 1661ರಲ್ಲೇ ಇಂಗ್ಲೆಂಡಿನಲ್ಲಿ ಟೂಗುಡ್ ಮತ್ತು ಹೇಸ್ ಎಂಬಿಬ್ಬರು ಇದಕ್ಕೆ ಪೇಟೆಂಟ್ ಪಡೆದರು. ನೀರಿನ ಒತ್ತಡದ ನಿಯಮಕ್ಕಾಗಿ ನಿಮ್ಮ ಭೌತಶಾಸ್ತ್ರ ಪುಸ್ತಕದಲ್ಲಿ ಬರುವ ಡೇನಿಯಲ್ ಬರ್ನೂಲಿಯೂ 18ನೆಯ ಶತಮಾನದಲ್ಲಿ ಈ ಬಗ್ಗೆ ಬರೆದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಇದನ್ನು ಎತ್ತಿ ಹೇಳಿದ. 1787ರ ಡಿಸೆಂಬರಿನಲ್ಲಿ ಜೇಮ್ಸ್ ರಮ್ಸೆ ಪೊಟೊಮ್ಯಾಕ್ ನದಿಯಲ್ಲಿ ಉಗಿ ಪಂಪಿನ ದೋಣಿಯನ್ನು ಜನರ ಮುಂದೆ ಓಡಿಸಿಯೂ ತೋರಿಸಿದ. ದೋಣಿ ಹೊಳೆಯ ಎದುರಿಗೆ ಸಾಗಿತು. ಆದರೆ ಅದರ ವೇಗ ಮನುಷ್ಯ ನಡೆಯುವ ವೇಗಕ್ಕಿಂತ ಹೆಚ್ಚೇನೂ ಇರಲಿಲ್ಲ.

ದೊಡ್ಡ ಪರೀಕ್ಷೆ ನಡೆದದ್ದು 1866ರಲ್ಲಿ. ಬ್ರಿಟಿಷ್ ನೌಕಾಪಡೆ ಎಡಿನ್‌ಬರೋದ ರೂಥ್ವೆನ್ ವಿಧಾನದಂತೆ 'ವಾಟರ್‌ವಿಚ್' ಎಂಬ ಕಬ್ಬಿಣದ ಯುದ್ಧನೌಕೆ ಕಟ್ಟಿಸಿತು. ಅದರೊಳಗೆ ಆಳೆತ್ತರ ಮೀರಿದ ದೊಡ್ಡ ಪಂಪಿನ ಚಕ್ರ. ನಿಮ್ಮ ಹೊಲದ ಬಾವಿಯ ಪಂಪ್‌ಸೆಟ್ಟಿನಲ್ಲಿ ತಿರುಗುವ ಚಕ್ರವೇ ಬೆಳೆದು ಹಡಗು ತುಂಬಿದಂತೆ ಎಂದು ಊಹಿಸಿಕೊಳ್ಳಿ. ಪ್ರೊಪೆಲರಿನಿಂದ ಓಡುವ ಎರಡು ಸಮಾನ ನೌಕೆಗಳ ಜೊತೆ ಅದನ್ನು ಓಡಿಸಿ ನೋಡಿದರು. ಮೂರೂ ಸುಮಾರು 9 ನಾಟ್, ಅಂದರೆ ಗಂಟೆಗೆ ಸುಮಾರು 17 ಕಿಲೋಮೀಟರ್ ಓಡಿದವು. ಹೊಸ ವಿಧಾನಕ್ಕೆ ಹೇಳಿಕೊಳ್ಳುವ ಲಾಭವೇನೂ ಕಾಣಲಿಲ್ಲ. 1880ರ ದಶಕದಲ್ಲಿ ಥಾರ್ನಿಕ್ರಾಫ್ಟ್ ಕಂಪನಿ ಒಂದು ಟಾರ್ಪಿಡೊ ದೋಣಿಗೆ ಜಲಧಾರೆಯ ಯಂತ್ರ ಹಾಕಿ ಮತ್ತೆ ಪರೀಕ್ಷಿಸಿತು. ಪ್ರೊಪೆಲರಿನ ದೋಣಿ 17 ನಾಟಿನ ಆಸುಪಾಸು ಓಡಿದರೆ ಧಾರೆಯ ದೋಣಿ 12ರ ಆಸುಪಾಸಿನಲ್ಲೇ ನಿಂತಿತು.

ಅಂಕಿಗಳು ಸುಳ್ಳಲ್ಲ. ಪರೀಕ್ಷೆ ನಡೆಸಿದವರೂ ಪ್ರಾಮಾಣಿಕರು. 'ಜಲಧಾರೆ ನಿರರ್ಥಕ' ಎಂಬ ತೀರ್ಪು ಮುಂದಿನ ಎಪ್ಪತ್ತು ವರ್ಷ ಬಹುಮಟ್ಟಿಗೆ ಹಾಗೇ ಉಳಿಯಿತು. ಆದರೆ ಆ ಪರೀಕ್ಷೆಗಳು ಅಳೆದದ್ದು ಯಾವುದನ್ನು? ಧಾರೆಯನ್ನು ಮಾತ್ರವೇ? ಅಲ್ಲ, ಭಾರವಾದ, ನಿಧಾನ ಒಡಲಿಗೆ ಕಟ್ಟಿದ ಧಾರೆಯನ್ನು. ಜೋಡಿಯ ಸೋಲನ್ನು ಒಬ್ಬನ ಹೆಸರಿಗೆ ಬರೆದರು. ಇದನ್ನು ಅರಿಯಲು ಸ್ವಲ್ಪ ಲೆಕ್ಕ ಬೇಕು.

ಒಂದು ಸಣ್ಣ ಲೆಕ್ಕ

ಧಾರೆ ಹಿಂದಕ್ಕೆ ಚಿಮ್ಮುವ ವೇಗ ದೋಣಿಯ ವೇಗಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ತಳ್ಳುವ ಬಲವೇ ಹುಟ್ಟದು. ಆದರೆ ಬಹಳ ಹೆಚ್ಚಿದ್ದರೆ ಶಕ್ತಿಯೆಲ್ಲ ಹಿಂದೆ ಬಿಟ್ಟುಹೋದ ನೀರಿನ ಕುದಿತದಲ್ಲಿ ಪೋಲಾಗುತ್ತದೆ. ಪಂಪು ಕೊಳವೆಗಳ ನಷ್ಟವನ್ನು ಬದಿಗಿಟ್ಟರೆ ಲೆಕ್ಕ ಹೀಗೆ: ದೋಣಿಯ ವೇಗವನ್ನು ಎರಡರಿಂದ ಗುಣಿಸಿ, ಬಂದದ್ದನ್ನು ದೋಣಿಯ ವೇಗ ಮತ್ತು ಧಾರೆಯ ವೇಗದ ಮೊತ್ತದಿಂದ ಭಾಗಿಸಿ. ಶಕ್ತಿಯ ಎಷ್ಟು ಪಾಲು ದೋಣಿಗೆ ದಕ್ಕಿತು ಎಂಬುದು ಸಿಗುತ್ತದೆ.

ಒಂದು ಪಂಪು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ನೀರು ಚಿಮ್ಮಿಸುತ್ತದೆ ಎನ್ನಿ. ಅದನ್ನು ಸೆಕೆಂಡಿಗೆ 2 ಮೀಟರ್ ಮಾತ್ರ ಹೋಗಬಲ್ಲ ದುಂಡು ದೋಣಿಗೆ ಕಟ್ಟಿದರೆ ದಕ್ಕುವುದು ನೂರಕ್ಕೆ 40 ಪಾಲು. ಅದೇ ಪಂಪನ್ನು ಸೆಕೆಂಡಿಗೆ 5 ಮೀಟರ್ ಹೋಗಬಲ್ಲ ಹಗುರ ದೋಣಿಗೆ ಕಟ್ಟಿದರೆ ನೂರಕ್ಕೆ 77 ಪಾಲು. ಪಂಪನ್ನು ಮುಟ್ಟದೆ, ಕೇವಲ ಒಡಲನ್ನು ಬದಲಿಸಿದ್ದರಿಂದ ಪಂಪೇ ಹೆಚ್ಚು ದಕ್ಷವಾಯಿತು. ಈ ಒಂದು ಸಾಲು ಇಡೀ ಪ್ರಬಂಧದ ತಿರುಳು ಎಂದುಕೊಳ್ಳಿ.

ನಿಧಾನ ದೋಣಿಗೆ ಹುಟ್ಟಾಗಲಿ ದೊಡ್ಡ ಪ್ರೊಪೆಲರ್ ಆಗಲಿ ಮೇಲು. ಏಕೆಂದರೆ ಅವು ಬಹಳ ನೀರನ್ನು ಮೆಲ್ಲಗೆ ದಬ್ಬುತ್ತವೆ. ಧಾರೆ ಸ್ವಲ್ಪ ನೀರನ್ನು ಜೋರಾಗಿ ದಬ್ಬುತ್ತದೆ. ಇದಲ್ಲದೆ ಹಳೆಯ ನೌಕೆಗಳಲ್ಲಿ ನೀರು ಕೊಳವೆಯ ತಿರುವುಗಳಲ್ಲಿ ಹಾದು ಬಲ ಕಳೆದುಕೊಳ್ಳುತ್ತಿತ್ತು. ಒಡಲೊಳಗೆ ತುಂಬಿಕೊಂಡ ಆ ನೀರಿನ ತೂಕವನ್ನೂ ಹಡಗೇ ಹೊರಬೇಕಿತ್ತು.

ಒಡಲಿನ ಗುಟ್ಟು: ಮೇಣದ ಮಾದರಿಗಳು

ಹಾಗಾದರೆ ಒಡಲನ್ನು ವೇಗಗೊಳಿಸುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವನು ಇಂಗ್ಲೆಂಡಿನ ವಿಲಿಯಂ ಫ್ರೌಡ್, ಹುಟ್ಟಿದ್ದು 1810ರಲ್ಲಿ. ಆತನ ಆಯುಧ ಆಟಿಕೆಯಂಥ ಮಾದರಿ ದೋಣಿಗಳು. 1867ರಲ್ಲಿ ಆತ 'ಹಂಸ' ಮತ್ತು 'ಕಾಗೆ' ಎಂಬ ಅರ್ಥದ ಹೆಸರಿನ ಎರಡು ಬಗೆಯ ಮಾದರಿಗಳನ್ನು 3, 6, 12 ಅಡಿ ಅಳತೆಗಳಲ್ಲಿ ಮಾಡಿ ನೀರಿನಲ್ಲಿ ಎಳೆಸಿದ. ಕಾಗೆಯ ಮೂತಿ ಚೂಪು, ಹಂಸದ ಮೂತಿ ದುಂಡು. ಚೂಪು ಮೂತಿಯೇ ಗೆಲ್ಲುತ್ತದೆ ಎಂದು ಅಂದಿನ ಪಂಡಿತರ ನಂಬಿಕೆ. ನಿಧಾನ ವೇಗದಲ್ಲಿ ಕಾಗೆಯೇ ಗೆದ್ದಿತು. ವೇಗ ಹೆಚ್ಚಿದಾಗ ಹಂಸ ಮುಂದಾಯಿತು! 'ಒಳ್ಳೆಯ ಆಕಾರ' ಎಂಬುದೊಂದು ಇಲ್ಲ, 'ಈ ವೇಗಕ್ಕೆ ಒಳ್ಳೆಯ ಆಕಾರ' ಎಂಬುದಷ್ಟೇ ಇದೆ ಎಂದು ಫ್ರೌಡ್ ತೋರಿಸಿಕೊಟ್ಟ.

ಸರ್ಕಾರದ ನೆರವಿನಿಂದ ಆತ ಟಾರ್ಕಿ ಎಂಬ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, 1872ರಿಂದ ಮೇಣದ ಮಾದರಿಗಳನ್ನು ಎಳೆದು ಅಳೆಯತೊಡಗಿದ. ಆತ ಕೊಟ್ಟ ನಿಯಮ ಇಂದಿಗೂ ನಡೆಯುತ್ತದೆ. ಮಾದರಿ ಎಬ್ಬಿಸುವ ಅಲೆ ದೊಡ್ಡ ಹಡಗಿನ ಅಲೆಯಂತೆಯೇ ಇರಬೇಕಾದರೆ, ಮಾದರಿಯ ವೇಗವನ್ನು ಉದ್ದದ ಅನುಪಾತದ ವರ್ಗಮೂಲದಷ್ಟು ಇಳಿಸಬೇಕು. ಉದ್ದ 100 ಪಟ್ಟು ಚಿಕ್ಕದಾದರೆ ವೇಗ 10 ಪಟ್ಟು ಮಾತ್ರ ಕಡಿಮೆ. ನೀರು ಮೈಯನ್ನು ತಿಕ್ಕುವ ಘರ್ಷಣೆ ಈ ನಿಯಮಕ್ಕೆ ಬಗ್ಗುವುದಿಲ್ಲ, ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕು ಎಂಬುದನ್ನೂ ಆತ ಕಂಡುಕೊಂಡ.

ದೋಣಿ ನೀರನ್ನು ಸೀಳಿ ನಡೆಯುವಾಗ ಮೂತಿಯಲ್ಲಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದದಷ್ಟಾದಾಗ ದೋಣಿ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ಹತ್ತುವ ಸ್ಥಿತಿಗೆ ಬರುತ್ತದೆ. ಎತ್ತಿನ ಬಂಡಿ ಏರು ಹತ್ತಿದಂತೆ, ಅಲ್ಲಿಂದ ಮುಂದೆ ಎಷ್ಟು ಬಲ ಹಾಕಿದರೂ ವೇಗ ಏರುವುದು ಅಷ್ಟಕ್ಕಷ್ಟೆ. ಪಟ್ ಪಟ್ ದೋಣಿಗಾಗಲಿ ಹರಿಗೋಲಿಗಾಗಲಿ ಈ ಗಡಿಯನ್ನು ದಾಟುವ ಶಕ್ತಿ ಇಲ್ಲ. ದಾಟಲು ಒಂದು ದಾರಿ: ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಏರಿ ಜಾರುವುದು. ಕೆರೆಯ ನೀರಿನ ಮೇಲೆ ನೀವು ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸುತ್ತೀರಲ್ಲ, ಹಾಗೆ. ಶಹಾಬಾದ ಕಲ್ಲಿನ ಚೂರು ಈ ಆಟಕ್ಕೆ ಎಷ್ಟು ಚೆನ್ನ ಎಂದು ನಿಮಗೆ ಹೇಳಬೇಕಾಗಿಲ್ಲ.

ಪಾದ್ರಿಯೊಬ್ಬನ ಕನಸು

ನೀರಿನ ಮೇಲೆ ಜಾರುವ ಹಡಗನ್ನು 1872ರಲ್ಲೇ ಒಬ್ಬ ಪಾದ್ರಿ ಕಲ್ಪಿಸಿದ್ದ. ಚಾರ್ಲ್ಸ್ ಮೀಡ್ ರೇಮಸ್ ಎಂಬ ಆತ ಇಳಿಜಾರಾದ ಎರಡು ಹಲಗೆಗಳನ್ನು ಒಂದರ ಹಿಂದೊಂದು ಜೋಡಿಸಿದಂಥ ತಳದ ಹಡಗನ್ನು ನೌಕಾಪಡೆಗೆ ಸೂಚಿಸಿದ. ಮಾದರಿ ಮಾಡಿ ಪರೀಕ್ಷಿಸುವ ಕೆಲಸ ಫ್ರೌಡನ ಪಾಲಿಗೆ ಬಂತು. ಆಗಿನ ಭಾರವಾದ ಉಗಿ ಯಂತ್ರಗಳಿಂದ ಮುಟ್ಟಬಹುದಾದ ವೇಗದಲ್ಲಿ ಈ ತಳ ಮಾಮೂಲು ಹಡಗಿಗಿಂತ ಹೆಚ್ಚು ತಡೆ ಒಡ್ಡುತ್ತದೆ ಎಂದು ಆತ ತಿಳಿಸಿದ. ಯೋಜನೆ ಮೂಲೆಗೆ ಬಿತ್ತು.

ಇಲ್ಲೂ ತೀರ್ಪು ತಪ್ಪಲ್ಲ, ಕಾಲ ಬಂದಿರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಏನಿತ್ತು ನೋಡಿ. ಒಂದು ಕಡೆ ವೇಗದ ಒಡಲಿಲ್ಲದ ಧಾರೆ. ಇನ್ನೊಂದು ಕಡೆ ಹಗುರ ಯಂತ್ರವಿಲ್ಲದ ವೇಗದ ಒಡಲು. ಎರಡು ಒಳ್ಳೆಯ ಯೋಚನೆಗಳು ಕೆಲವೇ ವರ್ಷಗಳ ಅಂತರದಲ್ಲಿ, ಒಂದೇ ನೌಕಾಪಡೆಯ ಕೈಯಲ್ಲಿ ಸೋತವು. 20ನೆಯ ಶತಮಾನದ ಆರಂಭದಲ್ಲಿ ಹಗುರವಾದ ಪೆಟ್ರೋಲ್ ಎಂಜಿನ್ ಬಂದ ಮೇಲೆ ಜಾರುವ ದೋಣಿಗಳು ನಿಜವಾದವು. ಆಮೇಲೆ, ಅಲೆಯ ಏಟಿಗೆ ಚಪ್ಪಟೆ ತಳ ಬಡಿದು ಬಡಿದು ಕುಣಿಯುವುದನ್ನು ತಪ್ಪಿಸಲು ಅಮೆರಿಕದ ರೇಮಂಡ್ ಹಂಟ್ ತಳವನ್ನು ಇಂಗ್ಲಿಷಿನ 'ವಿ' ಅಕ್ಷರದಂತೆ ಆಳವಾಗಿ ಕತ್ತರಿಸಿದ. 1960ರ ಮಯಾಮಿ–ನಸ್ಸಾವ್ ಸಮುದ್ರ ಪಂದ್ಯದಲ್ಲಿ ಅಂಥ ದೋಣಿ ಗೆದ್ದ ಮೇಲೆ ಆ ಆಕಾರ ಲೋಕವೆಲ್ಲ ಹರಡಿತು.

ಕಲ್ಲು ಹೊಳೆಯ ಕುರಿಗಾರ

ಧಾರೆ ಮತ್ತು ಒಡಲು ಕೊನೆಗೂ ಸೇರಿದ್ದು ದೊಡ್ಡ ಹಡಗುಕಟ್ಟೆಯಲ್ಲಲ್ಲ, ನ್ಯೂಜಿಲೆಂಡಿನ ಒಂದು ಕುರಿ ಸಾಕಣೆಯ ಹೊಲದಲ್ಲಿ. ವಿಲಿಯಂ ಹ್ಯಾಮಿಲ್ಟನ್ 1899ರಲ್ಲಿ ಹುಟ್ಟಿದವನು. ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಆತನ ಜಮೀನು, ಪಕ್ಕದಲ್ಲೇ ಆತನ ಕಮ್ಮಟ. ಆ ನಾಡಿನ ಹೊಳೆಗಳು ಕವಲು ಕವಲಾಗಿ, ಬೆಣಚು ಕಲ್ಲುಗಳ ಮೇಲೆ ತೆಳ್ಳಗೆ ಹರಿಯುತ್ತವೆ. ಪ್ರೊಪೆಲರ್ ಇಳಿಬಿಟ್ಟರೆ ಕಲ್ಲಿಗೆ ತಗುಲಿ ಮುರಿಯುತ್ತದೆ. ನಮ್ಮ ಕಾಗಿಣೆಯ ಹಾಸುಗಲ್ಲಿನ ಮೇಲೆ ಪ್ರೊಪೆಲರ್ ದೋಣಿ ಓಡಿಸಲು ಹೊರಟವರಿಗೂ ಇದೇ ಗತಿ.

1950ರ ದಶಕದ ಮೊದಲಲ್ಲಿ ಹ್ಯಾಮಿಲ್ಟನ್ ಅಮೆರಿಕದ ಒಂದು ಜಲಧಾರೆ ಯಂತ್ರದ ಮಾದರಿಯಲ್ಲಿ ಕೆಲಸ ಶುರುಮಾಡಿದ. ಅದರಲ್ಲಿ ಧಾರೆ ದೋಣಿಯ ತಳದ ಕೆಳಗೆ, ನೀರಿನೊಳಗೇ ಹೊರಬೀಳುತ್ತಿತ್ತು. ದೋಣಿ ಸಾಗಿತು, ಆದರೆ ವೇಗ ಬರಲಿಲ್ಲ. ಆಗ ಮಾಡಿದ ಒಂದು ಬದಲಾವಣೆ ಎಲ್ಲವನ್ನೂ ತಿರುಗಿಸಿತು. ಕೊಳವೆಯ ಬಾಯನ್ನು ಮೇಲಕ್ಕೆತ್ತಿ, ದೋಣಿಯ ಹಿಂಗೋಡೆಯ ಮೂಲಕ, ನೀರಿನ ಮಟ್ಟಕ್ಕಿಂತ ಮೇಲೆ ಗಾಳಿಯಲ್ಲಿ ಧಾರೆ ಬಿಟ್ಟರು. ತಳದ ಕೆಳಗೆ ಚಾಚಿಕೊಂಡಿದ್ದ ಭಾಗವೇ ಇಲ್ಲವಾಯಿತು. ನೀರಿನಲ್ಲಿ ಚಾಚಿದ ಪ್ರತಿಯೊಂದು ತುಣುಕಿನ ತಡೆ, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಧಾರೆ ಗಾಳಿಯಲ್ಲಿ ಹೋದರೆ ತಳ್ಳಲು ಆಸರೆ ಎಲ್ಲಿ ಎಂದು ನೀವು ಕೇಳಬಹುದು. ದೋಣಿ ಹಿಂದಿನ ನೀರನ್ನು ಒದ್ದು ಮುಂದೆ ಹೋಗುವುದಿಲ್ಲ. ನೀರನ್ನು ಎಸೆದ ಪ್ರತಿಕ್ರಿಯೆಯಿಂದ ಹೋಗುತ್ತದೆ, ನ್ಯೂಟನ್ನನ ಮೂರನೆಯ ನಿಯಮದಂತೆ.

1960ರಲ್ಲಿ ಹ್ಯಾಮಿಲ್ಟನ್ ದೋಣಿಗಳು ಅಮೆರಿಕದ ಕೊಲರಾಡೊ ನದಿಯ ಗ್ರ್ಯಾಂಡ್ ಕ್ಯಾನ್ಯನ್ ಕಂದರದಲ್ಲಿ ಪ್ರವಾಹದ ಎದುರಿಗೆ ಮೇಲಕ್ಕೆ ಏರಿದವು. ವಾಟರ್‌ವಿಚ್ ನೌಕೆಯ ಸೋಲಿನ ತೀರ್ಪು ಅಲ್ಲಿಗೆ ಮುಗಿಯಿತು.

ಗಂಗೆಯಿಂದ ಕಾರವಾರಕ್ಕೆ

ಭಾರತೀಯರು ಈ ದೋಣಿಗಳನ್ನು ಹತ್ತಿರದಿಂದ ಕಂಡದ್ದು 1977ರಲ್ಲಿ. ಎವರೆಸ್ಟ್ ವೀರ ಎಡ್ಮಂಡ್ ಹಿಲರಿ ಗಂಗಾಸಾಗರದಿಂದ ಹಿಮಾಲಯದತ್ತ ಮೂರು ಜೆಟ್ ದೋಣಿಗಳಲ್ಲಿ ಹೊರಟ. ಕಾಶಿ, ಹರಿದ್ವಾರ, ಋಷಿಕೇಶಗಳನ್ನು ದಾಟಿ, ಬಂಡೆಗಳ ನಡುವೆ ನೊರೆಗರೆಯುವ ನೀರನ್ನು ಎದುರಿಸಿ ಆ ದೋಣಿಗಳು ನಂದಪ್ರಯಾಗದವರೆಗೂ ಏರಿದವು. ಅಲ್ಲಿ ಒಂದು ಜಲಪಾತ ಅಡ್ಡ ಬಂದು ಅವು ನಿಂತವು.

ನಮ್ಮ ಕರ್ನಾಟಕದ ಉದಾಹರಣೆ ಕಾರವಾರದಲ್ಲಿದೆ. 2017ರ ಮಾರ್ಚ್ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ 'ಐಎನ್‌ಎಸ್ ತಿಲ್ಲಾಂಚಾಂಗ್' ನೌಕೆಯನ್ನು ನೌಕಾಪಡೆಗೆ ಸೇರಿಸಲಾಯಿತು. ನಿಕೋಬಾರಿನ ಒಂದು ದ್ವೀಪದ ಹೆಸರು ಅದಕ್ಕೆ. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ಕಟ್ಟಿದ ಈ ನೌಕೆಯ ಉದ್ದ ಸುಮಾರು 48 ಮೀಟರ್, ತೂಕ ಸುಮಾರು 320 ಟನ್. ಮೂರು ಡೀಸೆಲ್ ಎಂಜಿನ್ನುಗಳು ಮೂರು ಜಲಧಾರೆಗಳನ್ನು ಚಿಮ್ಮಿಸಿ ಇದನ್ನು 30 ನಾಟಿಗಿಂತ ಹೆಚ್ಚು ವೇಗದಲ್ಲಿ ಓಡಿಸುತ್ತವೆ. ಅಂದರೆ ಗಂಟೆಗೆ 55 ಕಿಲೋಮೀಟರಿಗೂ ಮೇಲೆ.

ಈಗ ಫ್ರೌಡನ ನಿಯಮವನ್ನು ಇದಕ್ಕೆ ಹಚ್ಚಿ ನೋಡಿ. ಇಂಥ ನೌಕೆಯ 1 ಮೀಟರ್ ಉದ್ದದ ಮಾದರಿಯನ್ನು ನೀವು ಮಾಡಿದರೆ ಅದು 48 ಪಟ್ಟು ಚಿಕ್ಕದು. 48ರ ವರ್ಗಮೂಲ ಸುಮಾರು 6.9. 30 ನಾಟ್ ಎಂದರೆ ಸೆಕೆಂಡಿಗೆ 15.4 ಮೀಟರ್, ಅದನ್ನು 6.9ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.2 ಮೀಟರ್. ನೀವು ದಡದಲ್ಲಿ ಮೆಲ್ಲಗೆ ಓಡುತ್ತ ಅದರ ಜೊತೆಗೆ ಸಾಗಬಹುದು! ತೂಕವಾದರೋ 48ನ್ನು ಮೂರು ಸಲ ಗುಣಿಸಿದಷ್ಟು ಇಳಿಯಬೇಕು, ಅಂದರೆ ಮಾದರಿ 2.9 ಕಿಲೋಗ್ರಾಂ ತೂಗಬೇಕು. ಮಾದರಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆಕಾರ ಚೆನ್ನಾಗಿ ತಿದ್ದುತ್ತಾರೆ, ಬ್ಯಾಟರಿಯ ತೂಕ ಮರೆಯುತ್ತಾರೆ. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗೆ ವಿಶಾಖಪಟ್ಟಣದ ನೌಕಾ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ತೊಟ್ಟಿಯೇ ಇದೆ.

ಮಾಡಿ ನೋಡಿ

ನಿಮಗೆ 500 ಮೀಟರ್ ಬೇಡ. ಶಾಲೆಯ ಅಂಗಳದಲ್ಲಿ ಇಟ್ಟಿಗೆ ಸಾಲು ಜೋಡಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಅಡಿ ಆಳ ನೀರು ನಿಲ್ಲಿಸಿದ ಉದ್ದನೆಯ ತೊಟ್ಟಿ ಸಾಕು. ನೀರು ಅದಕ್ಕಿಂತ ತೀರ ತೆಳ್ಳಗಾದರೆ ಅಲೆಯ ಲೆಕ್ಕ ಕೆಡುತ್ತದೆ. ಒಂದು ಎಚ್ಚರಿಕೆಯ ಮಾತು: ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ಹಳೆಯ ಕಲ್ಲುಗಣಿಗಳಲ್ಲಿ ನಿಂತ ನೀರು ಕನ್ನಡಿಯಂತೆ ಶಾಂತವಾಗಿ ಕರೆಯುತ್ತದೆ. ಅಲ್ಲಿ ದಂಡೆಯೇ ಇರುವುದಿಲ್ಲ, ಮೊದಲ ಹೆಜ್ಜೆಗೇ ಆಳು ಮುಳುಗುವ ಆಳ. ದೋಣಿ ಬಿಡಲು ಅಲ್ಲಿಗೆ ಎಂದೂ ಹೋಗಬೇಡಿ. ಗೆಳೆಯರನ್ನೂ ತಡೆಯಿರಿ.

ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಥರ್ಮೋಕೋಲಿನಿಂದ ಒಂದೇ ಉದ್ದದ, ಒಂದೇ ತೂಕದ ಮೂರು ಒಡಲು ಕೆತ್ತಿ. ಒಂದರ ತಳ ದುಂಡು, ಇನ್ನೊಂದರದು ಚಪ್ಪಟೆ, ಮೂರನೆಯದು 'ವಿ' ಆಕಾರ. ಬ್ಯಾಟರಿಯಿಂದ ಓಡುವ ಒಂದೇ ಸಣ್ಣ ಪಂಪನ್ನು ಮೂರಕ್ಕೂ ಬದಲಿಸಿ ಬದಲಿಸಿ ಕಟ್ಟಿ, ಗುರುತಿಟ್ಟ ದೂರ ದಾಟಲು ಹಿಡಿದ ಸೆಕೆಂಡುಗಳನ್ನು ಬರೆದುಕೊಳ್ಳಿ. ಮುಂದೆ ಪಂಪಿನ ಬಾಯಿ ನೀರಿನ ಕೆಳಗೊಮ್ಮೆ, ಮೇಲೊಮ್ಮೆ. ಆಮೇಲೆ ಬ್ಯಾಟರಿ ಮುಂದೊಮ್ಮೆ, ಹಿಂದೊಮ್ಮೆ. ಪಂಪಿನ ಬಲ ಕಡಿಮೆಯಿದ್ದರೆ ದುಂಡು ತಳವೇ ಗೆಲ್ಲಬಹುದು. ಅದನ್ನು ಸೋಲು ಎಂದು ತಿಳಿಯಬೇಡಿ, ಫ್ರೌಡನ ಹಂಸ ಮತ್ತು ಕಾಗೆಯ ಪಾಠವನ್ನು ನೀವೇ ಕಂಡಂತಾಯಿತು.

ಇನ್ನೊಂದನ್ನು ಗಮನಿಸಿ. ನೀರು ಹೀರುವ ಬಾಯಿಯ ಮುಂದೆ ತಳದಲ್ಲಿ ಏನಾದರೂ ಏಣು ಇದ್ದರೆ, ಅಥವಾ ದೋಣಿ ಕುಣಿದರೆ, ನೀರಿನ ಜೊತೆ ಗಾಳಿಯೂ ಒಳಹೋಗುತ್ತದೆ. ಬಾವಿಯ ಪಂಪ್‌ಸೆಟ್ ಗಾಳಿ ಹಿಡಿದಾಗ ಏನಾಗುತ್ತದೆ ಎಂದು ರೈತರ ಮಕ್ಕಳಿಗೆ ಗೊತ್ತು. ಮೋಟಾರು ಕಿರುಚುತ್ತದೆ, ನೀರು ಬರುವುದಿಲ್ಲ. ದೋಣಿಗೂ ಅದೇ. ಆದ್ದರಿಂದಲೇ ಒಡಲನ್ನು ಒಬ್ಬ, ಧಾರೆಯನ್ನು ಇನ್ನೊಬ್ಬ ಬೇರೆ ಬೇರೆ ಮಾಡಿ ಕೊನೆಗೆ ಜೋಡಿಸಿದರೆ ದೋಣಿ ಕೆಡುತ್ತದೆ. ಎರಡನ್ನೂ ಮೊದಲ ಗೆರೆಯಿಂದಲೇ ಒಟ್ಟಿಗೆ ಯೋಚಿಸಬೇಕು.

ಯಾವ ದೋಣಿ ನಮ್ಮದು?

2020ರ ಅಕ್ಟೋಬರಿನಲ್ಲಿ ಭೀಮಾ ಮತ್ತು ಕಾಗಿಣಾ ಉಕ್ಕಿದಾಗ ಕಲಬುರಗಿ ಜಿಲ್ಲೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು. ವಿಪತ್ತು ಪಡೆ ಮತ್ತು ಸೇನೆಯವರು ದೋಣಿಗಳಲ್ಲಿ ಬಂದು ಜನರನ್ನು ಹೊರತಂದರು. ಅಂಥ ದಿನ ಈ ಪಾಠ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ನೀರಿನಲ್ಲಿರುವ ಮನುಷ್ಯನಿಗೆ ಪ್ರೊಪೆಲರಿನ ಅಲಗು ಅಪಾಯ, ಮುಳುಗಿದ ಬೇಲಿ ಮತ್ತು ಕಲ್ಲು ಅಲಗಿಗೆ ಅಪಾಯ. ಜಲಧಾರೆಗೆ ಹೊರಗೆ ಅಲಗಿಲ್ಲ. ಆದರೆ ನೆರೆನೀರಿನಲ್ಲಿ ತೇಲಿಬರುವ ತೊಗರಿ ಕಟ್ಟಿಗೆ, ಹುಲ್ಲು, ಪ್ಲಾಸ್ಟಿಕ್ ಅದರ ಬಾಯಿ ಕಟ್ಟುತ್ತವೆ. ಜನರನ್ನು ತುಂಬಿಕೊಂಡು ನಿಧಾನ ಸಾಗುವಾಗ ಅದು ಇಂಧನವನ್ನು ಹೆಚ್ಚು ತಿನ್ನುತ್ತದೆ. ಎಂಜಿನ್ ತಗ್ಗಿಸಿದರೆ ಧಾರೆಯ ಜೊತೆಗೆ ತಿರುಗಿಸುವ ಹಿಡಿತವೂ ಹೋಗುತ್ತದೆ. ತುಂಬಿದ ಊರಿನ ಓಣಿಯಲ್ಲಿ ಒಂದು ಚಪ್ಪಟೆ ತಳದ ದೋಣಿ ಮತ್ತು ಎರಡು ಹುಟ್ಟು ಕೆಲವೊಮ್ಮೆ ಮೇಲು. ಹೊಳೆಯ ಸೆಳೆತ ದಾಟಲು ಜೆಟ್ ಮೇಲು. ಎಲ್ಲ ನೀರಿಗೂ ಒಂದೇ ದೋಣಿ ಎಂದು ಹೇಳುವವರನ್ನು ನಂಬಬೇಡಿ.

ಹರಿಗೋಲು ಕಟ್ಟಿದ ನಮ್ಮ ಹಿರಿಯರು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಲಿಲ್ಲ, ನೀರನ್ನು ನೋಡಿ ಕಲಿತರು. ಹ್ಯಾಮಿಲ್ಟನ್ ಕೂಡ ತನ್ನ ಹೊಳೆಯನ್ನು ನೋಡಿಯೇ ಕಲಿತ. ಕಾಗಿಣೆ, ಭೀಮೆ, ಮುಲ್ಲಾಮಾರಿ ನದಿಗಳ ನೆರೆಗೆ ಸರಿಹೊಂದುವ ದೋಣಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಈ ನೀರನ್ನು ಎರಡೂ ಋತುಗಳಲ್ಲಿ ಕಂಡವರಿಂದಲೇ ಬರಬೇಕು. ನೀವು ಅದನ್ನು ಕಂಡವರು. ತೊಟ್ಟಿಗೆ ನೀರು ತುಂಬಿಸಿ, ಕಾಗದ ಪೆನ್ಸಿಲ್ ಪಕ್ಕದಲ್ಲಿಟ್ಟುಕೊಳ್ಳಿ, ಅಳೆದದ್ದನ್ನು ಅಂದೇ ಬರೆದಿಡಿ.